ಇಂಗ್ಲಿಷ್ ವಾಕ್ಯದಲ್ಲಿ ನಾಮವಿಶೇಷಣ ತಪ್ಪುವುದೆಲ್ಲಿ: ದೋಷ ಪತ್ತೆ ಮತ್ತು ನಿವಾರಣೆ

ಚಿಂತಾಮಣಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನನ್ನ ಕೈಗೆ ಬರುವ ಉತ್ತರಪತ್ರಿಕೆಗಳಲ್ಲಿ ಒಂದು ದೋಷ ಪ್ರತಿವರ್ಷವೂ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮರುಕಳಿಸುತ್ತದೆ. ಅಡಿಗೆರೆ ಎಳೆದ ಪದ ಯಾವ ಪದವರ್ಗಕ್ಕೆ ಸೇರುತ್ತದೆ ಎಂದು ಕೇಳಿದರೆ, ಎಂಟೂ ಪದವರ್ಗಗಳ ವ್ಯಾಖ್ಯೆಯನ್ನು ತಡವರಿಸದೆ ಒಪ್ಪಿಸುವ ಮಕ್ಕಳೇ 'ಷಿ ಈಸ್ ಹ್ಯಾಪಿ' ಎಂಬಲ್ಲಿನ 'ಹ್ಯಾಪಿ'ಯನ್ನು ಕ್ರಿಯಾವಿಶೇಷಣ (ಆ್ಯಡ್ವರ್ಬ್) ಎಂದೂ, 'ಫ್ರೆಂಡ್ಲಿ ಡಾಗ್' ಎಂಬಲ್ಲಿನ 'ಫ್ರೆಂಡ್ಲಿ'ಯನ್ನೂ ಕ್ರಿಯಾವಿಶೇಷಣವೆಂದೂ, 'ಗುಡ್ ಬಾಯ್' ಎಂಬಲ್ಲಿನ 'ಗುಡ್' ಅನ್ನು ನಾಮಪದವೆಂದೂ ಬರೆಯುತ್ತಾರೆ. ಈ ಮೂರೂ ನಿಜವಾಗಿ ನಾಮವಿಶೇಷಣಗಳು (ಆ್ಯಡ್ಜೆಕ್ಟಿವ್), ಅಂದರೆ ನಾಮಪದದ ಗುಣವನ್ನೋ ಸ್ಥಿತಿಯನ್ನೋ ಹೇಳುವ ಪದಗಳು. ವ್ಯಾಖ್ಯೆ ಬಾಯಿಗೆ ಬಂದಿದೆ, ಗುರುತಿಸುವಿಕೆ ಬಂದಿಲ್ಲ. ಇಂಥ ಮಗುವಿಗೆ ವ್ಯಾಖ್ಯೆಯನ್ನು ಇನ್ನೊಮ್ಮೆ ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ದೋಷ ಹುಟ್ಟುವ ಜಾಗವೇ ಬೇರೆ, ಅಲ್ಲಿಗೇ ಕೈ ಹಾಕಬೇಕು.

ಆದ್ದರಿಂದ ತಪ್ಪು ಉತ್ತರವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವ ಮೊದಲು, ಆ ಉತ್ತರಕ್ಕೆ ಮಗು ಹೇಗೆ ಬಂತು ಎಂಬುದನ್ನು ಅದರ ಬಾಯಿಂದಲೇ ಕೇಳಿ ತಿಳಿಯಬೇಕು. ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಸಿಗುತ್ತದೆ. ಪದದ ಕನ್ನಡ ಅರ್ಥವನ್ನು ಮನಸ್ಸಿನಲ್ಲಿ ಹೇಳಿಕೊಂಡು ಆ ಅರ್ಥದ ರೂಪ ನೋಡಿ ನಿರ್ಧರಿಸಿದೆ ಎಂದು ಕೆಲವರು ಹೇಳುತ್ತಾರೆ. ಪದದ ಕೊನೆಯ ಅಕ್ಷರಗಳನ್ನು ನೋಡಿದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಉಳಿದವರು, ಹಿಂದೆ ಯಾವುದೋ ಪಟ್ಟಿಯಲ್ಲಿ ಈ ಪದವನ್ನು ಆ ಹೆಸರಿನಡಿ ನೋಡಿದ ನೆನಪಿದೆ ಎನ್ನುತ್ತಾರೆ. ಈ ಮೂವರೂ ಪದವನ್ನು ವಾಕ್ಯದಿಂದ ಹೊರಕ್ಕೆ ತೆಗೆದು ನೋಡುತ್ತಿದ್ದಾರೆ. ಇಂಗ್ಲಿಷ್‌ನಲ್ಲಿ ಪದವರ್ಗ ನಿಶ್ಚಯವಾಗುವುದು ಬಹುಪಾಲು ವಾಕ್ಯದೊಳಗೆ ಪದ ನಿಂತ ಜಾಗದಿಂದ. 'ಫಾಸ್ಟ್' ಎಂಬ ಒಂದೇ ಪದ 'ದ ಫಾಸ್ಟ್ ಟ್ರೇನ್' ಎಂಬಲ್ಲಿ ನಾಮವಿಶೇಷಣ, 'ದ ಟ್ರೇನ್ ರನ್ಸ್ ಫಾಸ್ಟ್' ಎಂಬಲ್ಲಿ ಕ್ರಿಯಾವಿಶೇಷಣ, 'ದೆ ಫಾಸ್ಟ್ ಆನ್ ಶಿವರಾತ್ರಿ' ಎಂಬಲ್ಲಿ ಕ್ರಿಯಾಪದ, 'ಹಿ ಬ್ರೋಕ್ ಹಿಸ್ ಫಾಸ್ಟ್' ಎಂಬಲ್ಲಿ ನಾಮಪದ. ಪದದ ಅಕ್ಷರಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ನಾಲ್ಕರಲ್ಲಿ ಯಾವುದೆಂದು ತಿಳಿಯುವುದಿಲ್ಲ.

ಮೊದಲನೆಯ ದೋಷ: '-ಆಗಿ' ಕಂಡೊಡನೆ ಕ್ರಿಯಾವಿಶೇಷಣ

ನಮ್ಮ ಕಡೆಯ ಮಕ್ಕಳಲ್ಲಿ ಅತಿ ಹೆಚ್ಚು ಕಾಣುವುದೂ, ಅತಿ ಕಡಿಮೆ ಗಮನಕ್ಕೆ ಬರುವುದೂ ಈ ದೋಷವೇ. 'ದ ಮ್ಯಾಂಗೊ ಈಸ್ ಸ್ವೀಟ್' ಎಂಬ ವಾಕ್ಯವನ್ನು ಮಗು 'ಮಾವಿನಹಣ್ಣು ಸಿಹಿಯಾಗಿದೆ' ಎಂದು ಗ್ರಹಿಸುತ್ತದೆ. 'ಷಿ ಸಿಂಗ್ಸ್ ಸ್ವೀಟ್ಲಿ' ಎಂಬುದನ್ನು 'ಅವಳು ಇಂಪಾಗಿ ಹಾಡುತ್ತಾಳೆ' ಎಂದು ಗ್ರಹಿಸುತ್ತದೆ. ಎರಡರಲ್ಲೂ '-ಆಗಿ' ಇದೆ. 'ಇಂಪಾಗಿ', 'ಚೆನ್ನಾಗಿ', 'ವೇಗವಾಗಿ' ಎಂಬ ರೂಪಗಳೆಲ್ಲ ಕ್ರಿಯಾವಿಶೇಷಣಗಳೆಂದು ಇಂಗ್ಲಿಷ್ ತರಗತಿಯಲ್ಲಿ ಕೇಳಿಸಿಕೊಂಡ ಮಗು ಅದೇ ತರ್ಕದಿಂದ 'ಸಿಹಿಯಾಗಿ' ಎಂಬುದನ್ನೂ ಆ ಗುಂಪಿಗೆ ಸೇರಿಸುತ್ತದೆ. ತರ್ಕದಲ್ಲಿ ತಪ್ಪಿಲ್ಲ, ಆದರೆ ಆಧಾರವಾಗಿ ಹಿಡಿದದ್ದು ಇಂಗ್ಲಿಷ್ ವಾಕ್ಯವನ್ನಲ್ಲ. ವಸ್ತುವಿನ ಸ್ಥಿತಿಯನ್ನು ಹೇಳಲಿಕ್ಕೂ ಕ್ರಿಯೆಯ ರೀತಿಯನ್ನು ಹೇಳಲಿಕ್ಕೂ ಕನ್ನಡ ಒಂದೇ '-ಆಗಿ'ಯನ್ನು ಬಳಸುತ್ತದೆ, ಇಂಗ್ಲಿಷ್ ಅವೆರಡನ್ನೂ ಬೇರೆ ಬೇರೆ ವರ್ಗಗಳಲ್ಲಿ ಇಡುತ್ತದೆ.

ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳು ಬಹಳ. ಮನೆಮಾತು ಬೇರೆಯಾದ್ದರಿಂದ ಈ ಗೊಂದಲ ಅವರಿಗೆ ಇರಲಾರದು ಎಂದು ಭಾವಿಸುವಂತಿಲ್ಲ, ಏಕೆಂದರೆ ತೆಲುಗಿನ '-ಗಾ' ಪ್ರತ್ಯಯದ ನಡೆಯೂ ಇದೇ. 'ಮಾಮಿಡಿಪಂಡು ತೀಯಗಾ ಉಂದಿ' ಎಂದಾಗಲೂ 'ತೀಯಗಾ ಪಾಡುತುಂದಿ' ಎಂದಾಗಲೂ ರೂಪ ಒಂದೇ. ಎರಡು ಭಾಷೆ ಬಲ್ಲ ಮಗುವಿಗೆ ಎರಡು ಭಾಷೆಗಳೂ ಒಂದೇ ಸಾಕ್ಷ್ಯ ನುಡಿಯುವುದರಿಂದ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ.

ಇದನ್ನು ಪತ್ತೆ ಹಚ್ಚುವ ಪರೀಕ್ಷೆ ಹೀಗಿದೆ. ಕನ್ನಡ ಅರ್ಥವನ್ನು ಪೂರ್ತಿ ಬದಿಗಿಟ್ಟು, ವಾಕ್ಯದ ಕ್ರಿಯಾಪದದ ಜಾಗದಲ್ಲಿ 'ಸೀಮ್ಸ್' ಎಂಬ ಪದವನ್ನು ಇಡಿಸಬೇಕು. 'ದ ಮ್ಯಾಂಗೊ ಸೀಮ್ಸ್ ಸ್ವೀಟ್' ಎಂಬ ವಾಕ್ಯ ನಿಲ್ಲುತ್ತದೆ, ಆದ್ದರಿಂದ 'ಸ್ವೀಟ್' ನಾಮವಿಶೇಷಣ. 'ಷಿ ಸೀಮ್ಸ್ ಸ್ವೀಟ್ಲಿ' ಎಂಬುದು ನಿಲ್ಲುವುದಿಲ್ಲ, ಆದ್ದರಿಂದ 'ಸ್ವೀಟ್ಲಿ' ನಾಮವಿಶೇಷಣವಲ್ಲ. 'ದ ಡ್ರೈವರ್ ಲುಕ್ಡ್ ಆ್ಯಂಗ್ರಿ' ಎಂಬಲ್ಲಿ 'ಸೀಮ್ಡ್' ಇಟ್ಟರೂ ವಾಕ್ಯ ಸರಾಗವಾಗಿ ಓಡುತ್ತದೆ, ಅಂದರೆ ಕೋಪ ಡ್ರೈವರನ ಸ್ಥಿತಿ. 'ದ ಡ್ರೈವರ್ ಲುಕ್ಡ್ ಆ್ಯಂಗ್ರಿಲಿ ಅಟ್ ದ ಕಂಡಕ್ಟರ್' ಎಂಬಲ್ಲಿ ಅದೇ ಬದಲಾವಣೆ ಮಾಡಿದರೆ ವಾಕ್ಯ ಮುರಿದುಬೀಳುತ್ತದೆ, ಅಂದರೆ ಇಲ್ಲಿ ಕೋಪ ನೋಟದ ರೀತಿ. 'ಲುಕ್', 'ಫೀಲ್', 'ಸ್ಮೆಲ್', 'ಟೇಸ್ಟ್', 'ಸೌಂಡ್', 'ಬಿಕಮ್', 'ಗ್ರೋ', 'ಟರ್ನ್' ಈ ಕ್ರಿಯಾಪದಗಳು ಎದುರಾದಾಗಲೆಲ್ಲ ಈ ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಿಸಬೇಕು. 'ದ ಜಾಕ್‌ಫ್ರೂಟ್ ಸ್ಮೆಲ್ಸ್ ಸ್ವೀಟ್' ಎಂಬ ವಾಕ್ಯದಲ್ಲಿ ಹಲಸಿನಹಣ್ಣು ಏನನ್ನೂ ಮೂಸಿ ನೋಡುತ್ತಿಲ್ಲ ಎಂಬುದನ್ನು ಮಗು ಒಮ್ಮೆ ಮನಗಂಡರೆ 'ಸ್ವೀಟ್' ಹಣ್ಣಿಗೆ ಸೇರಿದ ಪದ ಎಂಬುದು ತಾನಾಗಿಯೇ ಹೊಳೆಯುತ್ತದೆ.

'ಸೀಮ್ಸ್' ಬದಲು 'ಈಸ್' ಇಟ್ಟು ನೋಡಿದರೆ ಸಾಲದೇ ಎಂದು ಕೆಲವು ಶಿಕ್ಷಕರು ಕೇಳುವುದುಂಟು. ಬಹಳ ಕಡೆ ಸಾಕಾಗುತ್ತದೆ, ಎಲ್ಲ ಕಡೆಯೂ ಅಲ್ಲ. 'ಹಿ ಈಸ್ ಹಿಯರ್' ಎಂಬುದು ಸರಿಯಾದ ವಾಕ್ಯ, ಆದರೂ 'ಹಿಯರ್' ಸ್ಥಳವನ್ನು ಹೇಳುವ ಕ್ರಿಯಾವಿಶೇಷಣವೇ. 'ಹಿ ಸೀಮ್ಸ್ ಹಿಯರ್' ಎಂದು ಹೇಳಲಾಗದು ಎಂಬುದರಿಂದ ಅದು ಸಿಕ್ಕಿಬೀಳುತ್ತದೆ. ಹಾಗೆಯೇ 'ಐ ಆ್ಯಮ್ ವೆಲ್' ಎಂಬಲ್ಲಿನ 'ವೆಲ್' ಆರೋಗ್ಯವನ್ನು ಸೂಚಿಸುವ ನಾಮವಿಶೇಷಣ, 'ಐ ಸ್ಲೆಪ್ಟ್ ವೆಲ್' ಎಂಬಲ್ಲಿನದು ಕ್ರಿಯಾವಿಶೇಷಣ.

ಎರಡನೆಯ ದೋಷ: ನಾಮವಿಶೇಷಣವನ್ನು ನಾಮಪದ ಎನ್ನುವುದು

'ಗುಡ್' ನಾಮಪದ ಎಂದು ಬರೆದ ಮಗುವನ್ನು ದಡ್ಡ ಎಂದುಕೊಳ್ಳಬಾರದು. ಅದು ಕನ್ನಡ ವ್ಯಾಕರಣವನ್ನು ಚೆನ್ನಾಗಿಯೇ ಓದಿರುವ ಸಾಧ್ಯತೆಯಿದೆ. ನಮ್ಮ ಕನ್ನಡ ಪಾಠದಲ್ಲಿ ವಸ್ತುವಾಚಕ, ಗುಣವಾಚಕ, ಸಂಖ್ಯಾವಾಚಕ, ಸಂಖ್ಯೇಯವಾಚಕ, ಪರಿಮಾಣವಾಚಕ, ದಿಗ್ವಾಚಕ, ಭಾವನಾಮ, ಸರ್ವನಾಮ ಇವೆಲ್ಲವನ್ನೂ ನಾಮಪದದ ವಿಧಗಳೆಂದೇ ಕಲಿಸುತ್ತೇವೆ. 'ಒಳ್ಳೆಯ', 'ದೊಡ್ಡ', 'ಕೆಂಪು' ಗುಣವಾಚಕಗಳು, ಗುಣವಾಚಕ ನಾಮಪದದ ಒಂದು ವಿಧ, ಆದ್ದರಿಂದ 'ಗುಡ್' ನಾಮಪದ: ಇದು ಮಗುವಿನ ಲೆಕ್ಕ. ಬೆಳಗಿನ ಪಿರಿಯಡ್‌ನಲ್ಲಿ ಸರಿ ಎನಿಸಿಕೊಂಡ ಲೆಕ್ಕ ಮಧ್ಯಾಹ್ನದ ಪಿರಿಯಡ್‌ನಲ್ಲಿ ತಪ್ಪಾಗುತ್ತದೆ, ಏಕೆ ತಪ್ಪಾಯಿತೆಂದು ಯಾರೂ ಹೇಳುವುದಿಲ್ಲ.

ಈ ವಿಂಗಡಣೆ ಕನ್ನಡಕ್ಕೆ ಮಾತ್ರ ಸೇರಿದ್ದೂ ಅಲ್ಲ. ಕ್ರಿಸ್ತಪೂರ್ವ 2ನೇ ಶತಮಾನದ ಡಯೊನೀಸಿಯಸ್ ಥ್ರಾಕ್ಸ್ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ವ್ಯಾಕರಣವೂ ಎಂಟು ಪದವರ್ಗಗಳನ್ನು ಹೇಳುತ್ತದೆ, ಆದರೆ ಆ ಎಂಟರಲ್ಲಿ ನಾಮವಿಶೇಷಣಕ್ಕೆ ಪ್ರತ್ಯೇಕ ಸ್ಥಾನವಿಲ್ಲ, ಅದು ನಾಮಪದದ ಒಳಗೇ ಇದೆ. ಇಂಗ್ಲಿಷ್ ವ್ಯಾಕರಣ ಪುಸ್ತಕಗಳಲ್ಲಿ ನಾಮವಿಶೇಷಣ ತನ್ನದೇ ವರ್ಗವಾಗಿ ನೆಲೆಗೊಂಡದ್ದು 18ನೇ ಶತಮಾನದಲ್ಲಿ. ಈ ಹಿನ್ನೆಲೆಯನ್ನು ಮಕ್ಕಳಿಗೆ ಉಪನ್ಯಾಸವಾಗಿ ಹೇಳಬೇಕಿಲ್ಲ. ಕನ್ನಡದಲ್ಲಿ ಗುಣವಾಚಕವನ್ನು ನಾಮಪದದೊಳಗೆ ಸೇರಿಸುತ್ತೇವೆ, ಇಂಗ್ಲಿಷ್‌ನಲ್ಲಿ ಹೊರಗಿಡುತ್ತಾರೆ, ಎರಡೂ ಆಯಾ ಭಾಷೆಯಲ್ಲಿ ಸರಿ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿದರೆ ಸಾಕು. ಇದಕ್ಕೆ ಜೊತೆಯಾಗಿ ಬಹುವಚನದ ಪರೀಕ್ಷೆ ಕೊಡಬಹುದು: 'ಬಾಯ್' 'ಬಾಯ್ಸ್' ಆಗುತ್ತದೆ, ಆದರೆ 'ಗುಡ್ ಬಾಯ್ಸ್' ಎನ್ನುವಾಗ 'ಗುಡ್' ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲೂ 'ಒಳ್ಳೆಯ ಹುಡುಗರು' ಎಂದೇ ಹೇಳುತ್ತೇವಾದ್ದರಿಂದ ಇದು ಮಕ್ಕಳಿಗೆ ಬೇಗ ಹತ್ತುತ್ತದೆ.

ಚಿನ್ನದ ಗಣಿ, ಚಿನ್ನದ ಉಂಗುರ

ಇದೇ ದೋಷದ ಮಗ್ಗುಲಲ್ಲಿ, ಕಲಿಸುವವರನ್ನೂ ತಡೆದು ನಿಲ್ಲಿಸುವ ಒಂದು ಕಠಿಣ ಪ್ರಕರಣವಿದೆ. ನಾಮಪದದ ಹಿಂದೆ ನಿಂತ ಪದವೆಲ್ಲ ನಾಮವಿಶೇಷಣವೇ? ಕೋಲಾರ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಕೆಜಿಎಫ್‌ನಲ್ಲಿ 2001ರಲ್ಲಿ ಮುಚ್ಚಿದ್ದು 'ಗೋಲ್ಡ್ ಮೈನ್'. ಅಂಗಡಿಯಲ್ಲಿ ಕೊಳ್ಳುವುದು 'ಗೋಲ್ಡ್ ರಿಂಗ್'. ಎರಡರಲ್ಲೂ 'ಗೋಲ್ಡ್' ಇನ್ನೊಂದು ನಾಮಪದದ ಹಿಂದೆ ಒಂದೇ ರೀತಿಯಲ್ಲಿ ನಿಂತಿದೆ. ಈಗ ಆ ಪದವನ್ನು 'ಈಸ್' ಆದ ಮೇಲೆ ಇಟ್ಟು ನೋಡಬೇಕು. 'ದ ರಿಂಗ್ ಈಸ್ ಗೋಲ್ಡ್' ಎನ್ನಬಹುದು. 'ದ ಮೈನ್ ಈಸ್ ಗೋಲ್ಡ್' ಎನ್ನಲಾಗದು, ಗಣಿಯಿಂದ ಚಿನ್ನ ಬರುತ್ತದೆಯೇ ಹೊರತು ಗಣಿಯೇ ಚಿನ್ನದಿಂದ ಆದದ್ದಲ್ಲ. ಆದ್ದರಿಂದ ಗಣಿಯ ಜೊತೆಗಿರುವ 'ಗೋಲ್ಡ್' ನಾಮಪದವಾಗಿಯೇ ಉಳಿದು ಮತ್ತೊಂದು ನಾಮಪದವನ್ನು ವಿಶೇಷಿಸುತ್ತಿದೆ. ಉಂಗುರದ ಜೊತೆಗಿರುವುದು ನಾಮವಿಶೇಷಣದ ಅಂಚಿಗೆ ಬಂದು ನಿಂತಿದೆ, ನಿಘಂಟುಗಳು 'ಗೋಲ್ಡ್' ಅನ್ನು ಎರಡೂ ವರ್ಗಗಳಲ್ಲಿ ಕೊಡುವುದು ಇದರಿಂದಲೇ. ಪದದ ಹಿಂದೆ 'ವೆರಿ' ಕೂರುತ್ತದೆಯೇ ಎಂದು ನೋಡುವ ಇನ್ನೊಂದು ಪರೀಕ್ಷೆಯಲ್ಲಿ ಇವೆರಡೂ ಸೋಲುತ್ತವೆ.

ಕೋಲಾರ ಎಪಿಎಂಸಿಯ 'ಟೊಮೇಟೊ ಮಾರ್ಕೆಟ್', ಶಿಡ್ಲಘಟ್ಟದ 'ಸಿಲ್ಕ್ ಮಾರ್ಕೆಟ್', ತಿಪಟೂರಿನ 'ಕೊಬ್ಬರಿ ಟ್ರೇಡ್' ಇವೆಲ್ಲ ಗಣಿಯ ಸಾಲಿಗೇ ಸೇರುತ್ತವೆ. 'ಸಿಲ್ಕ್ ಸ್ಯಾರಿ' ಉಂಗುರದ ಸಾಲಿನದು. 'ಸಿಲ್ಕಿ ಹೇರ್' ಎಂಬಲ್ಲಿನ 'ಸಿಲ್ಕಿ'ಯಾದರೋ ಸಂದೇಹಕ್ಕೆ ಎಡೆಯಿಲ್ಲದ ನಾಮವಿಶೇಷಣ, ಏಕೆಂದರೆ 'ವೆರಿ ಸಿಲ್ಕಿ' ಎನ್ನಬಹುದು, 'ಹರ್ ಹೇರ್ ಸೀಮ್ಸ್ ಸಿಲ್ಕಿ' ಎನ್ನಬಹುದು, 'ಸಿಲ್ಕಿಯರ್' ಎಂದೂ ಹೇಳಬಹುದು. ಕನ್ನಡದಲ್ಲಿ 'ಚಿನ್ನದ ಗಣಿ' ಎಂದು ಷಷ್ಠೀ ವಿಭಕ್ತಿ ಹಚ್ಚಿಬಿಡುವುದರಿಂದ 'ಚಿನ್ನ' ನಾಮಪದ ಎಂಬುದು ಮರೆಯಾಗುವುದಿಲ್ಲ. ಇಂಗ್ಲಿಷ್ ಯಾವ ಗುರುತೂ ಹಾಕದೆ ಎರಡು ಪದಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಬಿಡುತ್ತದೆ.

ಪರೀಕ್ಷೆಯಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಶಾಲಾ ವ್ಯಾಕರಣ ಪದ ಮಾಡುವ ಕೆಲಸವನ್ನು ಲೆಕ್ಕಕ್ಕೆ ಹಿಡಿಯುತ್ತದೆಯಾದ್ದರಿಂದ 'ಗೋಲ್ಡ್ ಮೈನ್' ಎಂಬಲ್ಲಿ ಅದು ನಾಮವಿಶೇಷಣ ಎಂಬ ಉತ್ತರವನ್ನೇ ನಿರೀಕ್ಷಿಸಬಹುದು. ಇಂದಿನ ಭಾಷಾಶಾಸ್ತ್ರೀಯ ವಿವರಣೆ ಅದನ್ನು ನಾಮಪದ ಎನ್ನುತ್ತದೆ. ವಾಕ್ಯದಲ್ಲಿ ಉತ್ತರಿಸಲು ಅವಕಾಶವಿದ್ದರೆ 'ನಾಮವಿಶೇಷಣದ ಕೆಲಸ ಮಾಡುತ್ತಿರುವ ನಾಮಪದ' ಎಂದು ಬರೆಯುವುದು ಎರಡೂ ಕಡೆ ಸಲ್ಲುವ ಉತ್ತರ. ಬಹು ಆಯ್ಕೆಯ ಪ್ರಶ್ನೆಯಾದರೆ ತರಗತಿಯಲ್ಲಿ ಬಳಸುವ ಪುಸ್ತಕದ ಪದ್ಧತಿಯನ್ನು ಅನುಸರಿಸುವುದು ಕ್ಷೇಮ. ಇಂಥ ಪದಕ್ಕೆ ಅಡಿಗೆರೆ ಎಳೆದು, ನಾಮಪದ ಮತ್ತು ನಾಮವಿಶೇಷಣ ಎರಡನ್ನೂ ಆಯ್ಕೆಯಲ್ಲಿ ಕೊಟ್ಟು, ಒಂದೇ ಸರಿ ಎನ್ನುವ ಪ್ರಶ್ನೆಯನ್ನು ನಾವು ಶಿಕ್ಷಕರು ತಯಾರಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ದೋಷ: ಬಾಲ ನೋಡಿ ತೀರ್ಮಾನಿಸುವುದು

'-ಲಿ' ಎಂದು ಮುಗಿದರೆ ಕ್ರಿಯಾವಿಶೇಷಣ ಎಂಬ ಸುಲಭ ಸೂತ್ರ ಟ್ಯೂಷನ್ನುಗಳಲ್ಲಿ ಬಹಳ ಚಲಾವಣೆಯಲ್ಲಿದೆ. 'ಫ್ರೆಂಡ್ಲಿ', 'ಲವ್ಲಿ', 'ಕಾಸ್ಟ್ಲಿ' ಈ ಸೂತ್ರವನ್ನು ಸುಳ್ಳು ಮಾಡುತ್ತವೆ. ಇಲ್ಲಿ ಬಾಲವನ್ನು ನೋಡುವುದಕ್ಕಿಂತ ಬಾಲ ತೆಗೆದ ಮೇಲೆ ಉಳಿಯುವುದನ್ನು ನೋಡಬೇಕು. 'ಕ್ವಿಕ್ಲಿ'ಯಿಂದ 'ಕ್ವಿಕ್' ಎಂಬ ನಾಮವಿಶೇಷಣ ಉಳಿಯುತ್ತದೆ, ಆದ್ದರಿಂದ ಅದು ಕ್ರಿಯಾವಿಶೇಷಣ. 'ಫ್ರೆಂಡ್ಲಿ'ಯಿಂದ 'ಫ್ರೆಂಡ್' ಎಂಬ ನಾಮಪದ ಉಳಿಯುತ್ತದೆ, ಆದ್ದರಿಂದ ಅದು ನಾಮವಿಶೇಷಣ. 'ಡೆಡ್ಲಿ', 'ಲೈವ್ಲಿ'ಯಂಥ ಕೆಲವು ಪದಗಳು ಈ ನಿಯಮಕ್ಕೂ ಸಿಗುವುದಿಲ್ಲ. 'ಡೈಲಿ' ಮತ್ತು 'ಅರ್ಲಿ' ಎರಡೂ ವರ್ಗಗಳಲ್ಲಿ ಕೆಲಸ ಮಾಡುತ್ತವೆ. ಇನ್ನು 'ಹಾರ್ಡ್' ಎಂಬುದರ ಕ್ರಿಯಾವಿಶೇಷಣ ರೂಪವೂ 'ಹಾರ್ಡ್' ಎಂದೇ ಇರುತ್ತದೆ. 'ಹಿ ವರ್ಕ್ಸ್ ಹಾರ್ಡ್ಲಿ' ಎಂದು ಬರೆದರೆ ಆತ ಕಷ್ಟಪಟ್ಟು ದುಡಿಯುತ್ತಾನೆ ಎಂಬ ಅರ್ಥ ಬರುವುದಿಲ್ಲ, 'ಹಾರ್ಡ್ಲಿ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ ಎಂದರ್ಥ.

'-ಇಂಗ್' ಬಾಲದ ವಿಷಯದಲ್ಲಿ ಬೋರ್‌ವೆಲ್ ಕಂಡ ನಮ್ಮ ಮಕ್ಕಳಿಗೆ ಒಂದು ಒಳ್ಳೆಯ ಜೋಡಿ ವಾಕ್ಯವಿದೆ. 'ದ ಮೆಷಿನ್ ಈಸ್ ಬೋರಿಂಗ್ ಎ ಹೋಲ್' ಎಂದರೆ ಯಂತ್ರ ನೆಲ ಕೊರೆಯುತ್ತಿದೆ, 'ದ ಲೆಸನ್ ಈಸ್ ಬೋರಿಂಗ್' ಎಂದರೆ ಪಾಠ ಬೇಸರ ತರಿಸುತ್ತಿದೆ. 'ವೆರಿ' ಎರಡನೆಯದರಲ್ಲಿ ಮಾತ್ರ ಕೂರುತ್ತದೆ, ಅದು ನಾಮವಿಶೇಷಣ. ಮೊದಲನೆಯದರಲ್ಲಿ ಮುಂದೆ 'ಎ ಹೋಲ್' ಎಂಬ ಕರ್ಮಪದ ಬಂದಿದೆ, ಹಾಗಾಗಿ ಅದು ಕ್ರಿಯಾಪದದ ಭಾಗ. 'ಬೋರಿಂಗ್ ಈಸ್ ಕಾಸ್ಟ್ಲಿ ಇನ್ ರಾಕಿ ಸಾಯಿಲ್' ಎಂದು ಬರೆದರೆ ಅದೇ ಪದ ವಾಕ್ಯದ ಕರ್ತೃಸ್ಥಾನಕ್ಕೆ ಹೋಗಿ ನಾಮಪದದಂತೆ ನಡೆದುಕೊಳ್ಳುತ್ತದೆ.

ಪರೀಕ್ಷೆಗಳೇ ಕೈಕೊಡುವ ಜಾಗಗಳು

ಮೇಲಿನ ಯಾವ ಪರೀಕ್ಷೆಯನ್ನೂ ಒಂಟಿಯಾಗಿ ನಂಬಬಾರದು. 'ವೆರಿ' ಕ್ರಿಯಾವಿಶೇಷಣದ ಹಿಂದೆಯೂ ಬರುತ್ತದೆ, 'ವೆರಿ ಸ್ಲೋಲಿ' ಎಂಬುದೇ ಸಾಕ್ಷಿ. 'ವುಡನ್', 'ಆ್ಯನ್ಯುಯಲ್' ನಿಸ್ಸಂದೇಹವಾಗಿ ನಾಮವಿಶೇಷಣಗಳು, ಆದರೂ 'ವೆರಿ' ಅವಕ್ಕೆ ಒಗ್ಗುವುದಿಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚುಕಡಿಮೆ ಎಂಬುದಿಲ್ಲ. 'ಮೇನ್ ರೋಡ್' ಎನ್ನಬಹುದು, 'ದ ರೋಡ್ ಈಸ್ ಮೇನ್' ಎನ್ನಲಾಗದು. ಇದಕ್ಕೆ ತದ್ವಿರುದ್ಧವಾಗಿ 'ದ ಬೇಬಿ ಈಸ್ ಅಸ್ಲೀಪ್' ಎನ್ನಬಹುದು, 'ಅಸ್ಲೀಪ್ ಬೇಬಿ' ಎನ್ನಲಾಗದು, ಅಲ್ಲಿ 'ಸ್ಲೀಪಿಂಗ್ ಬೇಬಿ' ಎಂದೇ ಆಗಬೇಕು. 'ಅಲೈವ್', 'ಅಫ್ರೇಡ್', 'ಅಲೋನ್' ಇದೇ ಜಾತಿಯವು. ಆದ್ದರಿಂದ ನಾಮಪದದ ಹಿಂದಿನ ಜಾಗ, 'ಸೀಮ್ಸ್' ಆದ ಮೇಲಿನ ಜಾಗ, 'ವೆರಿ'ಯ ಒಪ್ಪಿಗೆ, ಹೋಲಿಕೆಯ ರೂಪ ಈ ನಾಲ್ಕರಲ್ಲಿ ಮೊದಲೆರಡರ ಪೈಕಿ ಒಂದಾದರೂ ಸೇರಿದಂತೆ ಎರಡು ಸರಿಹೊಂದಿದರೆ ಧೈರ್ಯವಾಗಿ ನಾಮವಿಶೇಷಣ ಎನ್ನಬಹುದು, ಒಂದೇ ಹೊಂದಿದರೆ ಇನ್ನೊಂದು ವಾಕ್ಯ ಕಟ್ಟಿ ನೋಡಬೇಕು. 'ದ ಪೂರ್', 'ದ ರಿಚ್' ಎಂದು ಜನರ ಗುಂಪನ್ನು ಹೇಳುವಲ್ಲಿ ನಾಮವಿಶೇಷಣ ನಾಮಪದದ ಜಾಗದಲ್ಲಿ ಕೂತಿದೆ ಎಂದು ವಿವರಿಸಿದರೆ ಸಾಕು. ಅದು ಪೂರ್ಣ ನಾಮಪದವಾಗಿಲ್ಲ ಎಂಬುದಕ್ಕೆ ಅದು 'ಪೂರ್ಸ್' ಆಗದಿರುವುದೇ ಸಾಕ್ಷಿ.

ಸರ್ವನಾಮ ಮತ್ತು ನಾಮವಿಶೇಷಣಗಳ ನಡುವಿನ ಗೊಂದಲಕ್ಕೆ ಪರಿಹಾರ ಚಿಕ್ಕದು. 'ದಿಸ್', 'ದಟ್', 'ಹರ್', 'ಸಮ್', 'ವಿಚ್' ಇವುಗಳ ಮುಂದೆ ಅವಕ್ಕೆ ಸೇರಿದ ನಾಮಪದವಿದೆಯೇ ಎಂದು ನೋಡಬೇಕು. 'ಹರ್ ಬ್ಯಾಗ್' ಎಂಬಲ್ಲಿ ಇದೆ, ಹಳೆಯ ಪದ್ಧತಿಯ ವ್ಯಾಕರಣ ಅದನ್ನು ನಾಮವಿಶೇಷಣ ಎನ್ನುತ್ತದೆ, ಹೊಸ ಪುಸ್ತಕಗಳು ಡಿಟರ್ಮಿನರ್, ಅಂದರೆ ಯಾವುದು, ಯಾರದು ಎಂದು ನಾಮಪದವನ್ನು ಗುರುತಿಸುವ ಪದ, ಎನ್ನುತ್ತವೆ. 'ಐ ಸಾ ಹರ್' ಎಂಬಲ್ಲಿ ಇಲ್ಲ, ಅದು ಸರ್ವನಾಮ.

'ಬಿಫೋರ್', 'ಆಫ್ಟರ್', 'ಸಿನ್ಸ್' ಪದಗಳಿಗೂ ಮುಂದೇನಿದೆ ಎಂದು ನೋಡುವ ಈ ಅಭ್ಯಾಸವೇ ನೆರವಾಗುತ್ತದೆ. ಮುಂದೆ ನಾಮಪದವೊಂದೇ ಇದ್ದರೆ ಪ್ರಿಪೊಸಿಷನ್, ಕ್ರಿಯಾಪದ ಸಹಿತ ಪೂರ್ತಿ ವಾಕ್ಯಾಂಶವಿದ್ದರೆ ಕಂಜಂಕ್ಷನ್, ಏನೂ ಇಲ್ಲದೆ ಅಲ್ಲಿಗೇ ಮುಗಿದರೆ ಕ್ರಿಯಾವಿಶೇಷಣ. ಕನ್ನಡದಲ್ಲಿ 'ಊಟಕ್ಕೆ ಮುಂಚೆ', 'ಅವನು ಬರುವ ಮುಂಚೆ' ಎಂದು 'ಮುಂಚೆ' ಕೊನೆಯಲ್ಲಿ ಬರುವುದರಿಂದ, ಮಗು ಅಭ್ಯಾಸಬಲದಿಂದ ಆ ಪದದ ಹಿಂದಿರುವುದನ್ನು ನೋಡಿ ಉತ್ತರಿಸುತ್ತದೆ. ದೃಷ್ಟಿಯನ್ನು ಬಲಕ್ಕೆ ತಿರುಗಿಸುವುದೇ ಇಲ್ಲಿನ ತಿದ್ದುಪಡಿ.

ಒಂದು ವಾಕ್ಯದ ತಪಾಸಣೆ

ಕರಿಹಲಗೆಯ ಮೇಲೆ ಈ ವಾಕ್ಯವನ್ನು ಬರೆದು ಪದ ಪದವಾಗಿ ಕೇಳಿಸಬಹುದು: 'ದ ಟಯರ್ಡ್ ಡ್ರೈವರ್ ಸ್ಲೆಪ್ಟ್ ವೆಲ್ ಬಿಫೋರ್ ದ ಟೊಮೇಟೊ ಮಾರ್ಕೆಟ್ ಓಪನ್ಡ್'. 'ಟಯರ್ಡ್' '-ಎಡ್' ಬಾಲ ಹೊತ್ತಿರುವುದರಿಂದ ಅದನ್ನು ಕ್ರಿಯಾಪದ ಎನ್ನುವ ಮಕ್ಕಳು ಇರುತ್ತಾರೆ. 'ವೆರಿ ಟಯರ್ಡ್', 'ಹಿ ಸೀಮ್ಸ್ ಟಯರ್ಡ್' ಎರಡನ್ನೂ ಅವರಿಂದಲೇ ಹೇಳಿಸಿದರೆ ತಮ್ಮ ಉತ್ತರವನ್ನು ತಾವೇ ತಿದ್ದಿಕೊಳ್ಳುತ್ತಾರೆ. 'ವೆಲ್' ನಿದ್ದೆಯ ರೀತಿಯನ್ನು ಹೇಳುತ್ತದೆ. 'ಟೊಮೇಟೊ' ಮಾರುಕಟ್ಟೆಗೆ ಅಂಟಿಕೊಂಡ ನಾಮಪದ. 'ಬಿಫೋರ್' ಮುಂದೆ 'ಓಪನ್ಡ್' ಎಂಬ ಕ್ರಿಯಾಪದ ಇರುವುದರಿಂದ ಅದು ಕಂಜಂಕ್ಷನ್. ಈಗ 'ಓಪನ್ಡ್' ಎಂಬುದನ್ನು ಡಸ್ಟರ್‌ನಿಂದ ಅಳಿಸಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು. 'ಬಿಫೋರ್' ಒಂದಕ್ಷರವೂ ಬದಲಾಗದೆ ಪ್ರಿಪೊಸಿಷನ್ ಆಗಿರುತ್ತದೆ. 'ಬಿಫೋರ್' ಆದ ಮೇಲಿನ ಪದಗಳನ್ನೂ ಅಳಿಸಿದರೆ ಅದೇ ಪದ ಕ್ರಿಯಾವಿಶೇಷಣವಾಗಿ, ಡ್ರೈವರ್ ಹಿಂದೆಲ್ಲ ಚೆನ್ನಾಗಿ ನಿದ್ದೆ ಮಾಡುತ್ತಿದ್ದ ಎಂಬ ಬೇರೆಯೇ ಅರ್ಥ ಹೊರಡುತ್ತದೆ.